ಸಿದ್ಧಪುರುಷರ ರಜೆಯೂಟ

ಹೋದ ವರ್ಷ ದೊಡ್ಡ ರಜೆಯ ದಿನ ಮಧ್ಯಾಹ್ನದ ಊಟ ಮೇಜಿಗೆ ಬಂದಾಗ ಹೊರಗೆ ಬೀದಿದೀಪ ಹತ್ತಿತ್ತು. ಅಷ್ಟರಲ್ಲಿ ನೆಂಟರಲ್ಲಿ ಅರ್ಧ ಜನ ಹಸಿವಿನ ಸುಸ್ತಿಗೆ ಒರಗಿಬಿಟ್ಟಿದ್ದರು; ಉಳಿದರ್ಧ ಜನ ಅಡುಗೆಮನೆಯಲ್ಲಿ ಏನನ್ನೋ ಸುಲಿಯುತ್ತಲೋ ಹೆಚ್ಚುತ್ತಲೋ ನಿಂತಿದ್ದರು. ಎಲ್ಲರಿಗೂ ಬಡಿಸಿ, ಕೂದಲಿಗೆಲ್ಲ ಹಿಟ್ಟು ಮೆತ್ತಿಕೊಂಡು, ಮನೆಯಾಕೆ ಕೊನೆಗೊಮ್ಮೆ ಕುರ್ಚಿಯ ಮೇಲೆ ಕುಸಿದು ಕೂತಳು. ಸರಿಯಾಗಿ ಆಗ ಆಕೆಯ ಗಂಡ ಬಾಯಿ ತೆರೆದರು. ಬಾಯಿಗೆ ತುತ್ತು ಹಾಕಿಕೊಳ್ಳಲೆಂದು ತೆರೆದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ಸ್ವಲ್ಪ ಮುಂಚೆನೇ ಯೋಚನೆ ಮಾಡಿ ಇಟ್ಕೊಂಡ್ರೆ ಇದೆಲ್ಲ ಎಷ್ಟು ಸುಲಭ ಗೊತ್ತಾ?"

ಮೇಜಿನ ಸುತ್ತ ಅಗಿಯುತ್ತಿದ್ದ ಬಾಯಿಗಳೆಲ್ಲ ನಿಂತವು. ಮನೆಯಾಕೆ ಸೌಟನ್ನು ಮೆತ್ತಗೆ ಕೆಳಗಿಟ್ಟಳು. ಆ ಮೆತ್ತಗಿನ ಸದ್ದಿಗೆ ಹೆದರಬೇಕೆಂದು ಗೊತ್ತಿದ್ದವರೆಲ್ಲ ಹೆದರಿದರು. ಗಂಡ ಮಾತ್ರ ಉಪ್ಪು ಕೇಳಿದರು.

"ಗೊತ್ತಿಲ್ಲ ರೀ," ಎಂದಳು ಆಕೆ. "ಮುಂದಿನ ಸಲ ನೀವೇ ಮಾಡಿ ತೋರಿಸಿ. ನಾನು ಕೂತು ಕಲೀತೀನಿ."

ಈ ಗಂಡ ಬಸ್ ಡಿಪೋದಲ್ಲಿ ಯಾವ ಬಸ್ಸು ಎಷ್ಟೊತ್ತಿಗೆ ಹೊರಡಬೇಕು, ಎಲ್ಲಿ ನಿಲ್ಲಬೇಕು, ಎಷ್ಟೊತ್ತಿಗೆ ವಾಪಸು ಬರಬೇಕು ಎಂದು ವೇಳಾಪಟ್ಟಿ ಹಾಕುವ ಅಧಿಕಾರಿ. ಡಿಪೋದಲ್ಲಿ ಎಲ್ಲರೂ ಅವರನ್ನು ಎದುರಿಗೆ 'ಸಾಹೇಬರು' ಎಂದೂ ಬೆನ್ನ ಹಿಂದೆ 'ಟೈಂಟೇಬಲ್' ಎಂದೂ ಕರೆಯುತ್ತಿದ್ದರು. ಅವರ ವೇಳಾಪಟ್ಟಿ ಕಾಗದದ ಮೇಲೆ ಒಂದು ನಿಮಿಷವೂ ಆಚೀಚೆ ಆದದ್ದಿಲ್ಲ. (ಬಸ್ಸುಗಳು ಆಗುತ್ತಿದ್ದವು. ಆದರೆ ಅದು ಡ್ರೈವರುಗಳ ತಪ್ಪು, ರಸ್ತೆಯ ತಪ್ಪು, ಹೆಚ್ಚೆಂದರೆ ಪ್ರಯಾಣಿಕರ ತಪ್ಪು.) ಇಷ್ಟೊಂದು ಬಸ್ಸುಗಳನ್ನು ಬೆರಳ ತುದಿಯಲ್ಲಿ ಆಡಿಸುವ ತನಗೆ ನಾಲ್ಕು ಪಾತ್ರೆ ಯಾವ ಲೆಕ್ಕ ಎಂಬುದು ಸಾಹೇಬರ ಅಂದಾಜು.

ವರ್ಷ ಕಳೆಯಿತು. ಅವರು ಆಡಿದ ಮಾತನ್ನು ಮರೆತರು. ಹೆಂಡತಿ ಮರೆಯಲಿಲ್ಲ. ಆಕೆ ಬೀಗದ ಕೈ ಮರೆಯುತ್ತಾಳೆ, ಛತ್ರಿ ಮರೆಯುತ್ತಾಳೆ, ಒಲೆಯ ಮೇಲೆ ಹಾಲಿಟ್ಟದ್ದನ್ನೂ ಮರೆಯುತ್ತಾಳೆ. ಗಂಡ ಎಲ್ಲರೆದುರು ಆಡಿದ ಮಾತನ್ನು ಮರೆಯುವುದು ಮಾತ್ರ ಆಕೆಯಿಂದ ಆಗದು. ರಜೆಗೆ ಇನ್ನೊಂದು ವಾರವಿದೆ ಎನ್ನುವಾಗ ಆಕೆ ತನ್ನ ಏಪ್ರನ್ನನ್ನು ತಂದು, ಸನ್ಮಾನ ಮಾಡುವವರ ಗಾಂಭೀರ್ಯದಿಂದ, ಅವರ ಕೊರಳಿಗೆ ಹಾಕಿದಳು. ಕೊರಳು ಬಾಗಿಸಿದ ಸಾಹೇಬರ ಮುಖದಲ್ಲಿ ಹೆಮ್ಮೆಯೇ ಇತ್ತು. ಹಾರ ಬಿದ್ದ ಕುರಿಗೂ ಮೊದಲು ಹಾಗೇ ಅನ್ನಿಸುವುದಂತೆ.

ಅಂದೇ ಮನೆಯ ಸಭೆ ಸೇರಿತು. ಸಭೆ ಎಂದರೆ ಹೆಂಡತಿ ಮತ್ತು ಕಾಲೇಜಿಗೆ ಹೋಗುವ ಮಗಳು. ಹೆಂಡತಿ ಔಷಧಿ ಅಂಗಡಿಯಲ್ಲಿ ಇಡೀ ದಿನ ನಿಂತು ಊರವರಿಗೆಲ್ಲ ತಲೆನೋವಿನ ಮಾತ್ರೆ ಕೊಟ್ಟು, ತನ್ನ ತಲೆನೋವನ್ನು ಹಾಗೇ ಮನೆಗೆ ತರುವವಳು. ಆಕೆ ಸೋಫಾದ ಮೇಲೆ ಕಾಲು ಚಾಚಿಕೊಂಡಳು. ಸಾಹೇಬರು ಭಾಷಣಕ್ಕೆ ನಿಂತರು.

"ನೋಡೇ, ಒತ್ತಡ ಅನ್ನೋದು ಯೋಜನೆ ಇಲ್ಲದವರಿಗೆ ಬರೋ ಕಾಯಿಲೆ. ಎಲ್ಲಾನೂ ಮುಂಚಿತವಾಗಿ ಮಾಡಿಟ್ಟುಕೊಂಡ್ರೆ ಆವತ್ತಿನ ದಿನ ಒತ್ತಡವೇ ಇರಲ್ಲ."

"ಒತ್ತಡ ಇಲ್ಲದೆ ಕುಕ್ಕರ್ ಕೂಡ ಕೂಗಲ್ಲ ರೀ."

"ಕೂಗೋದೇ ಬೇಡ ಅಂತಾನೇ ನಾನು ಹೇಳ್ತಿರೋದು. ಈ ಸಲ ಈ ಮನೇಲಿ ಯಾರೂ ಕೂಗಬಾರದು. ಕುಕ್ಕರೂ ಅಷ್ಟೇ, ನೀನೂ ಅಷ್ಟೇ."

"ಆಯ್ತಪ್ಪ," ಎಂದು ಆಕೆ ಕಣ್ಣು ಮುಚ್ಚಿದಳು. "ನನ್ನ ಸೀಟಿ ತೆಗೆದಿಟ್ಟಿದ್ದೀನಿ."

ಮಾರನೇ ದಿನವೇ ಸಾಹೇಬರು ಡಿಪೋಗೆ ರಜೆ ಹಾಕಿ ಪಾಕಶಾಲೆಯ ಪಟ್ಟಕ್ಕೇರಿದರು. ಮೊದಲ ದಿನ ಈರುಳ್ಳಿ. ಚೀಲಗಟ್ಟಲೆ ಈರುಳ್ಳಿ ಹೆಚ್ಚಿದ್ದರಿಂದ ಮನೆಗೆ ಮನೆಯೇ ಕಣ್ಣೀರಿಟ್ಟಿತು. ಹಾಲು ತಂದವನೂ ಕಣ್ಣೊರೆಸಿಕೊಂಡೇ ಹೋದ. ಆಮೇಲೆ ಬಟಾಣಿ ಸುಲಿದು ಬೇಯಿಸಿದರು. ಆಲೂಗಡ್ಡೆ ಬೇಯಿಸಿ ಹಿಸುಕಿದರು. ದೊಡ್ಡ ಹಂಡೆಯಲ್ಲಿ ಟೊಮೆಟೊ ಸೂಪು ಕುದಿಸಿದರು. ಕೋಳಿಗೆ ಮಸಾಲೆ ಸವರಿದರು. ಪ್ರತಿಯೊಂದೂ ಡಬ್ಬಿಗೆ ಹೋಯಿತು, ಡಬ್ಬಿಯ ಮೇಲೆ ಚೀಟಿ ಬಿತ್ತು, ಚೀಟಿಯ ಮೇಲೆ 'ಹೊರಡುವ ವೇಳೆ', 'ತಲುಪುವ ವೇಳೆ' ಎಂದು ಬರೆಯಲಾಯಿತು. ಡಬ್ಬಿ ಹೊರಡುವುದು ಫ್ರಿಜ್ಜಿನಿಂದ, ತಲುಪುವುದು ಮೇಜಿಗೆ.

ಫ್ರಿಜ್ಜಿನಲ್ಲಿ ಸಾಸಿವೆ ಹಾಕಲೂ ಜಾಗ ಉಳಿಯಲಿಲ್ಲ. ಹೆಂಡತಿಯ ಮುಖದ ಕ್ರೀಮು, ಮಗಳ ಚಾಕಲೇಟು, ನೀರಿನ ಬಾಟಲು ಎಲ್ಲವೂ ಗಡೀಪಾರಾದವು. ಬಾಗಿಲು ಮುಚ್ಚದಾದಾಗ ಸಾಹೇಬರು ಒಂದು ಕುರ್ಚಿಯನ್ನು ಅದಕ್ಕೆ ಒತ್ತುಕೊಟ್ಟು ನಿಲ್ಲಿಸಿದರು. ಕುರ್ಚಿ ಸರಿದು ಹೋಗುತ್ತದೆಂದು ಅದರ ಮೇಲೆ ತಾವೇ ಕೂತರು. ಡಿಪೋದಲ್ಲಿ ಕುರ್ಚಿ ಕಾಯ್ದುಕೊಂಡು ಅಭ್ಯಾಸವಿದ್ದವರಿಗೆ ಮನೆಯಲ್ಲಿ ಕುರ್ಚಿಯಿಂದ ಕಾಯುವುದು ಕಷ್ಟವಾಗಲಿಲ್ಲ.

ಆದರೆ ಇಷ್ಟೆಲ್ಲದರ ನಡುವೆ ಒಂದು ಸಣ್ಣ ವಿಷಯ ಯೋಜನೆಯಿಂದ ಬಿಟ್ಟುಹೋಗಿತ್ತು. ರಜೆಯ ಹಿಂದಿನ ದಿನಗಳಲ್ಲೂ ಮನುಷ್ಯರಿಗೆ ಹಸಿವಾಗುತ್ತದೆ.

"ಅಪ್ಪಾ," ಎಂದು ಮಗಳು ಕಾಲೇಜಿನಿಂದ ಬಂದವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು, "ಫ್ರಿಜ್ಜಿಗೆ ಊಟ ಆಯ್ತಾ?"

"ಆಯ್ತಮ್ಮ, ಭರ್ತಿ."

"ಹಾಗಾದ್ರೆ ನಮಗೆ?"

ಅವರಿಗೆ ಬ್ರೆಡ್ಡು. ಬೆಳಗ್ಗೆ ಬ್ರೆಡ್ಡು, ಸಂಜೆ ಬ್ರೆಡ್ಡು, ಬದಲಾವಣೆಗೆಂದು ನಡುವೆ ಬ್ರೆಡ್ಡಿನ ಅಂಚು. ಒಲೆ ಬಿಡುವಾಗಿಲ್ಲ, ಪಾತ್ರೆ ಖಾಲಿಯಿಲ್ಲ, ಖಾಲಿಯಿರುವ ಪಾತ್ರೆ ಮುಟ್ಟುವ ಹಾಗಿಲ್ಲ. ಮನೆ ತುಂಬ ಅಡುಗೆ, ತಟ್ಟೆ ತುಂಬ ಬ್ರೆಡ್ಡು. ಕೆರೆಯ ದಂಡೆಯಲ್ಲೇ ಕೂತು ಬಾಯಾರಿದವರ ಹಾಗೆ ತಾಯಿ ಮಗಳು ಡಬ್ಬಿಗಳನ್ನು ನೋಡುತ್ತ ಬ್ರೆಡ್ಡು ಅಗಿದರು. ಒಂದು ಸಲ ಮಗಳು ಹಿಸುಕಿದ ಆಲೂಗಡ್ಡೆಯ ಡಬ್ಬಿಗೆ ಬೆರಳು ಹಾಕಿ ಸಿಕ್ಕಿಬಿದ್ದಳು. ಸಾಹೇಬರು ಚಮಚದ ಬೆನ್ನಿನಿಂದ ಗುಂಡಿಯನ್ನು ಸವರಿ ಮುಚ್ಚಿ, ನಗರಸಭೆಯವರು ರಸ್ತೆ ಅಗೆದ ಮೇಲೆ ಮಾಡಬೇಕಾದ ಕೆಲಸ ಇದು ಎಂದು ಉಪದೇಶ ಮಾಡಿದರು.

ಊಟದ ಮೇಜನ್ನು ಸಹ ಅವರು ಮುಂಚಿತವಾಗಿಯೇ ಅಣಿಮಾಡಿಬಿಟ್ಟರು. ತಟ್ಟೆ, ಲೋಟ, ಚಮಚ ಎಲ್ಲ ಜೋಡಿಸಿ, ಧೂಳು ಬೀಳದಿರಲೆಂದು ಉದ್ದಕ್ಕೂ ಬಿಳಿ ಬಟ್ಟೆ ಹೊದಿಸಿದರು. ಸಕ್ಕರೆ ಕೇಳಲು ಬಂದ ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತು, ಕುರ್ಚಿಯ ಮೇಲೆ ಕೆಂಪು ಕಣ್ಣಿನ ಸಾಹೇಬರನ್ನೂ, ನೆಲದ ಮೇಲೆ ಕೂತು ಮಾತಿಲ್ಲದೆ ಬ್ರೆಡ್ಡು ತಿನ್ನುತ್ತಿದ್ದ ತಾಯಿ ಮಗಳನ್ನೂ, ನಡುವೆ ಬಿಳಿ ಬಟ್ಟೆ ಹೊದ್ದು ಮಲಗಿದ್ದುದನ್ನೂ ನೋಡಿ, ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಅಯ್ಯಯ್ಯೋ, ಯಾವಾಗ ಹೋದ್ರು?"

"ಯಾರೂ ಹೋಗಿಲ್ಲ," ಎಂದಳು ಮನೆಯಾಕೆ. "ಇನ್ನೂ ಬರ್ತಾರೆ."

ಬರುವವರು ಸಾಹೇಬರ ಅಕ್ಕ, ಭಾವ, ತಮ್ಮ ಮತ್ತು ತಮ್ಮನ ಹೆಂಡತಿ. ಅಕ್ಕ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದು ನಿವೃತ್ತಿಯಾದವಳು. ಶಾಲೆ ಆಕೆಯನ್ನು ಬಿಟ್ಟಿತ್ತು, ಆಕೆ ಶಾಲೆಯನ್ನು ಬಿಟ್ಟಿರಲಿಲ್ಲ. ಪ್ರತಿ ವರ್ಷ ಆಕೆ ಒಂದು ಕೇಕು ಮಾಡಿ ತರುತ್ತಿದ್ದಳು. ಅದನ್ನು ಕತ್ತರಿಸಲು ಮನೆಯ ಗಂಡಸರೆಲ್ಲ ಸರದಿಯ ಮೇಲೆ ಕೈಹಚ್ಚಬೇಕಾಗುತ್ತಿತ್ತು. ಸಾಹೇಬರು ಫೋನು ಮಾಡಿ, "ಈ ಸಲ ಕೈಬೀಸಿಕೊಂಡು ಬಾ ಅಕ್ಕ, ಏನೂ ತರಬೇಡ, ಎಲ್ಲ ಆಗಿದೆ," ಎಂದರು.

ಆ ತುದಿಯಲ್ಲಿ ಏನನ್ನೋ ಕೆಳಗಿಟ್ಟ ಸದ್ದು.

"ಅಂದ್ರೆ ನನ್ನ ಕೇಕು ಬೇಡವಾಯ್ತು."

"ಹಾಗಲ್ಲಕ್ಕ, ನಿನಗೆ ಸುಮ್ನೆ ತೊಂದರೆ ಯಾಕೆ ಅಂತ..."

"ಹಾಗೇ ಕಣೋ. ಬಾಯಿಬಿಟ್ಟು ಹೇಳೋ ಧೈರ್ಯ ನಿನಗೆ ಚಿಕ್ಕಂದಿನಿಂದ್ಲೂ ಇಲ್ಲ," ಎಂದು ಅಕ್ಕ ಫೋನಿಟ್ಟಳು.

ರಜೆಯ ದಿನ ಬೆಳಗಾಯಿತು. ಸಾಹೇಬರು ತಣ್ಣಗೆ ಎದ್ದರು, ತಣ್ಣಗೆ ಸ್ನಾನ ಮಾಡಿದರು, ತಣ್ಣಗಿದ್ದ ಡಬ್ಬಿಗಳನ್ನೆಲ್ಲ ಹೊರತೆಗೆದರು. ನಿಮಗೆ ಈಗ ಅನ್ನಿಸುತ್ತಿರಬಹುದು, ಎಲ್ಲ ಹೆಪ್ಪುಗಟ್ಟಿ ಕಲ್ಲಾಗಿತ್ತು, ಇಲ್ಲವೇ ಹಳಸಿ ನಾರುತ್ತಿತ್ತು ಎಂದು. ಇಲ್ಲ. ಅದೇ ಈ ಕಥೆಯ ದುಃಖ. ಒಂದೂ ಹಾಳಾಗಿರಲಿಲ್ಲ. ಸೂಪು ಬಿಸಿಯಾಯಿತು, ಕೋಳಿ ಹುರಿದು ಕೆಂಪಗಾಯಿತು, ಅನ್ನ ಬೆಂದಿತು, ಬಟಾಣಿ ಹಸಿರಾಗಿಯೇ ಉಳಿಯಿತು. ಕಟ್ಟೆಯ ಮೇಲೆ ಜಾಗ ಸಾಲದೆ ಸಾಹೇಬರು ಎರಡು ಸ್ಟೂಲಿನ ಮೇಲೆ ಉದ್ದನೆಯ ಹಲಗೆಯೊಂದನ್ನು ಅಡ್ಡ ಹಾಕಿ, ಬಡಿಸುವ ಕ್ರಮದಲ್ಲೇ ಪಾತ್ರೆಗಳನ್ನು ಸಾಲಾಗಿ ನಿಲ್ಲಿಸಿದರು. ನೆಂಟರು ಬರುವ ಮೊದಲೇ ಎಲ್ಲ ಮುಗಿದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪೇಪರು ಹಿಡಿದು ಕೂತರು. ಅಷ್ಟು ದಿನ ಸಿದ್ಧತೆ ಮಾಡಿ ಮಾಡಿ ಈಗ ಸಾಕ್ಷಾತ್ ಸಿದ್ಧಪುರುಷರೇ ಆಗಿದ್ದರು. ಮುಖದಲ್ಲಿ ತೇಜಸ್ಸು, ತುಟಿಯಲ್ಲಿ ಮಂದಹಾಸ, ಏಪ್ರನ್ನಿನ ಮೇಲೆ ಒಂದೂ ಕಲೆಯಿಲ್ಲ.

"ನೋಡಿದ್ಯಾ?" ಎಂದರು ಹೆಂಡತಿಗೆ.

"ನೋಡ್ತಾ ಇದ್ದೀನಿ," ಎಂದಳು ಆಕೆ, ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತ.

ನೆಂಟರು ಬಂದರು. ಅಕ್ಕ ಬಂದವಳೇ ಅಭ್ಯಾಸಬಲದಿಂದ ಚೀಲ ಬಿಸಾಕಿ ಅಡುಗೆಮನೆಗೆ ನುಗ್ಗಿದಳು. ಅವಳ ಹಿಂದೆ ತೋಳು ಮಡಚಿಕೊಳ್ಳುತ್ತ ತಮ್ಮನ ಹೆಂಡತಿ. ಸಾಹೇಬರು ಬಾಗಿಲಿಗೆ ಅಡ್ಡ ನಿಂತರು.

"ಏನೂ ಕೆಲಸ ಇಲ್ಲ. ಹೋಗಿ ಆರಾಮಾಗಿ ಕೂತ್ಕೊಳ್ಳಿ."

"ಏನಾದ್ರೂ ಹೆಚ್ಚಿಕೊಡ್ತೀನಿ ಕಣೋ."

"ಹೆಚ್ಚಿ ಆಗಿದೆ."

"ಪಾತ್ರೆ?"

"ತೊಳೆದಾಗಿದೆ. ಊಟ ಒಂದೂವರೆಗೆ. ಅಲ್ಲೀತನಕ ಎಲ್ಲರೂ ಮನಸ್ಸು ಬಿಚ್ಚಿ ಮಾತಾಡ್ತಾ ಕೂತ್ಕೊಳ್ಳೋಣ. ರಜೆ ಇರೋದೇ ಅದಕ್ಕೆ ತಾನೇ?"

ಮನಸ್ಸು ಬಿಚ್ಚಿ ಮಾತಾಡಲು ಎಲ್ಲರೂ ನಡುಮನೆಯಲ್ಲಿ ಸುತ್ತ ಕೂತರು. ಹಲ್ಲಿನ ಡಾಕ್ಟರ ಹೊರಕೋಣೆಯಲ್ಲಿ ಸರದಿಗೆ ಕಾಯುವವರೂ ಅದಕ್ಕಿಂತ ಲವಲವಿಕೆಯಿಂದ ಇರುತ್ತಾರೆ. ತಮ್ಮನಾದವನು ಸೀಲಿಂಗ್ ಫ್ಯಾನು ನೋಡಿದ. ಅವನದು ಕನ್ನಡಕದಂಗಡಿ, ಹಾಗಾಗಿ ಫ್ಯಾನು ನೋಡಿ ಸಾಕಾದ ಮೇಲೆ ಎಲ್ಲರ ಕನ್ನಡಕ ನೋಡಿದ. ಅವನ ಹೆಂಡತಿ ಬೆನ್ನುನೋವಿನವರಿಗೆ ವ್ಯಾಯಾಮ ಹೇಳಿಕೊಡುವವಳು. ಆಕೆ ಒಬ್ಬೊಬ್ಬರೂ ಕೂತ ಭಂಗಿಯಲ್ಲಿ ಏನು ತಪ್ಪಿದೆಯೆಂದು ತಿಳಿಸಿದಳು. ಎಲ್ಲರೂ ಒಮ್ಮೆ ಬೆನ್ನು ನೆಟ್ಟಗೆ ಮಾಡಿಕೊಂಡು ಮತ್ತೆ ಬಾಗಿದರು. ಮಾತು ಮುಗಿಯಿತು.

ಆಗ ಭಾವ ಗಂಟಲು ಸರಿಮಾಡಿಕೊಂಡರು.

ಭಾವ ಜಮೀನು ಅಳೆಯುವ ಇಲಾಖೆಯಲ್ಲಿದ್ದು ನಿವೃತ್ತರಾದವರು. ಅವರ ಬಳಿ ಒಂದೇ ಒಂದು ಕಥೆಯಿತ್ತು. ತಾನು ಹೊಲ ಅಳೆಯುವಾಗ ಎಮ್ಮೆಯೊಂದು ಅಳತೆಯ ಸರಪಳಿ ಎಳೆದುಕೊಂಡು ಓಡಿದ್ದು. ಪ್ರತಿ ವರ್ಷವೂ ಅವರು ಆ ಕಥೆ ಶುರುಮಾಡುತ್ತಿದ್ದರು. ಪ್ರತಿ ವರ್ಷವೂ ಎಮ್ಮೆ ಬೇಲಿ ಹಾರುವ ಹೊತ್ತಿಗೆ ಸರಿಯಾಗಿ ಅಡುಗೆಮನೆಯಿಂದ ಮನೆಯಾಕೆಯ ದನಿ ಬರುತ್ತಿತ್ತು: "ಅಣ್ಣಾ, ಈ ಡಬ್ಬಿ ಮುಚ್ಚಳ ಬಿಗಿಯಾಗಿಬಿಟ್ಟಿದೆ, ಸ್ವಲ್ಪ ತೆಗೆದುಕೊಡ್ತೀರಾ?" ಭಾವ ಎದ್ದು ಹೋಗುತ್ತಿದ್ದರು. ಹೋದವರ ಕೈಗೆ ಇನ್ನೇನೋ ಕೆಲಸ ಬೀಳುತ್ತಿತ್ತು.

ಈ ಸಲ ಎಮ್ಮೆ ಬೇಲಿ ಹಾರಿತು. ಭಾವ ಅಭ್ಯಾಸದಂತೆ ತುಸು ನಿಂತು ಅಡುಗೆಮನೆಯ ಕಡೆಗೆ ಕಿವಿಗೊಟ್ಟರು. ಯಾರೂ ಕರೆಯಲಿಲ್ಲ. ಮನೆಯಾಕೆ ಅವರ ಎದುರಿಗೇ ಕೂತು ಉಗುರು ಊದಿಕೊಳ್ಳುತ್ತಿದ್ದಳು. ಬೇರೆ ದಾರಿಯಿಲ್ಲದೆ ಭಾವ ಮುಂದುವರಿದರು. ಎಮ್ಮೆ ಹೊಲ ದಾಟಿತು, ತೋಡು ದಾಟಿತು, ಇನ್ನೊಂದು ಹೊಲ ದಾಟಿತು. ಭಾವನ ಹಣೆಯಲ್ಲಿ ಬೆವರು ಮೂಡಿತು. ಇಷ್ಟು ವರ್ಷ ಹೇಳಿದ ಕಥೆಗೆ ಕೊನೆಯೇ ಇರಲಿಲ್ಲವೆಂಬುದು ಅವರಿಗೂ ಆವತ್ತೇ ಗೊತ್ತಾದದ್ದು.

"ಆಮೇಲೆ?" ಎಂದ ತಮ್ಮ.

"ಆಮೇಲೆ... ಸಿಕ್ತು," ಎಂದರು ಭಾವ, ಗೋಡೆ ನೋಡುತ್ತ.

ಒಂದೂವರೆ ಇನ್ನೂ ದೂರದಲ್ಲಿತ್ತು. ಅಕ್ಕನ ಕಣ್ಣು, ಮಾಡಲು ಕೆಲಸವಿಲ್ಲದ ಕಣ್ಣು, ಕೋಣೆಯನ್ನೆಲ್ಲ ಸುತ್ತಿ ಕೊನೆಗೆ ತಮ್ಮನ ಹೆಂಡತಿಯ ತೋಳಿನ ಮೇಲೆ ಬಂದು ಕೂತಿತು.

"ತೋಳಿನ ಹೊಲಿಗೆ ಬಿಟ್ಟಿದೆಯಲ್ಲೇ."

"ಹೌದಕ್ಕ, ಹಾಕ್ಕೋಬೇಕು."

"ಹಾಕ್ಕೋಬಹುದಿತ್ತು. ಮನೇಲಿ ಅಮ್ಮನ ಹೊಲಿಗೆ ಮಿಷಿನ್ ಇದೆಯಲ್ಲ. ಅದರ ಮೇಲೆ ಟೀವಿ ಇಟ್ಕೊಂಡಿಲ್ಲದೆ ಹೋಗಿದ್ರೆ."

ಅಮ್ಮ ತೀರಿಹೋದಾಗ ಆ ಮಿಷಿನ್ನು ತಮ್ಮನ ಮನೆಗೆ ಹೋಗಿತ್ತು. ತನಗೆ ಕೊಡುವೆನೆಂದು ಅಮ್ಮ ಹೇಳಿದ್ದಳು ಎಂದು ಅಕ್ಕ ಅಂದುಕೊಂಡಿದ್ದಳು. ಅಷ್ಟು ವರ್ಷವಾದರೂ ಆ ವಿಷಯ ಯಾರ ಬಾಯಿಂದಲೂ ಹೊರಬಿದ್ದಿರಲಿಲ್ಲ. ಬೀಳಲು ಬಿಡುವೇ ಆಗಿರಲಿಲ್ಲ.

"ಟೀವಿ ಇಟ್ಟಿಲ್ಲ ಅಕ್ಕ," ಎಂದ ತಮ್ಮ. "ಹೂಕುಂಡ ಇಟ್ಟಿದ್ದೀವಿ."

"ಇನ್ನೂ ಚೆನ್ನಾಯ್ತು! ದಿನಾ ನೀರು ಹಾಕ್ತೀರಿ ಅನ್ನು. ಅಮ್ಮ ಎಣ್ಣೆ ಹಾಕಿ ಕಾಪಾಡಿದ್ದಕ್ಕೆ ನೀವು ನೀರು ಬಿಡ್ತಿದ್ದೀರಿ."

"ಅಮ್ಮನ್ನ ಕೊನೇವರೆಗೂ ನೋಡಿಕೊಂಡೋರು ಯಾರು? ಆಗ ಬಂದಿದ್ರಾ ನೀವು?" ತಮ್ಮನ ಹೆಂಡತಿಯ ಬೆನ್ನು ಶಾಸ್ತ್ರೋಕ್ತವಾಗಿ ನೆಟ್ಟಗಾಯಿತು.

"ನೋಡಿಕೊಂಡ್ಯೋ, ಬರೀ ನೋಡ್ಕೊಂಡು ಕೂತಿದ್ಯೋ?"

"ಅಕ್ಕ, ಮಾತು ಜಾಸ್ತಿ ಆಯ್ತು!"

ಸಾಹೇಬರು ಹೆಂಡತಿಯ ಕಡೆ ತಿರುಗಿದರು. ಅವರ ಕಣ್ಣಲ್ಲಿ, ಬ್ರೇಕು ಹಿಡಿಯದ ಬಸ್ಸಿನ ಡ್ರೈವರನ ನೋಟವಿತ್ತು. ಆ ಕ್ಷಣದಲ್ಲಿ ಹಿಂದಿನ ವರ್ಷಗಳೆಲ್ಲ ಅವರ ತಲೆಯಲ್ಲಿ ಸರಸರನೆ ಹಾದುಹೋದವು. ಅಕ್ಕ ತಮ್ಮನ ಹೆಂಡತಿಯ ಪಕ್ಕ ಬಂದು ಕೂತ ಕೂಡಲೇ, "ಅಕ್ಕಾ, ಉಪ್ಪು ನೋಡಿ ಬನ್ನಿ," ಎಂಬ ಕೂಗು. ತಮ್ಮನ ಮುಖ ಬಿಗಿಯಾಗುವ ಹೊತ್ತಿಗೆ ಏನೋ ತರುವುದು ಮರೆತುಹೋಗಿ ಅವನನ್ನು ಅಂಗಡಿಗೆ ಓಡಿಸುವುದು. ಅವನು ತಂದದ್ದು ಸರಿಯಿಲ್ಲವೆಂದು ಮತ್ತೊಮ್ಮೆ ಓಡಿಸುವುದು. ತಡ, ಗಡಿಬಿಡಿ, ಕೂಗಾಟ. ಎಲ್ಲರ ಕೈಯಲ್ಲೂ ಒಂದೊಂದು ಚಾಕು, ಆದರೆ ಚಾಕು ತರಕಾರಿಯ ಮೇಲೆ. ಕೊನೆಗೆ ಹಸಿವಿನಲ್ಲಿ ತಟ್ಟೆಯ ಮುಂದೆ ಕೂತವರಿಗೆ ಜಗಳವಾಡಲು ಬಾಯಿ ಖಾಲಿಯಿರುತ್ತಿರಲಿಲ್ಲ.

"ಏನಾದ್ರೂ ಮಾಡೇ," ಎಂದು ಅವರು ಪಿಸುಗುಟ್ಟಿದರು.

"ನಾನಾ?" ಆಕೆ ಬೆರಳುಗಳನ್ನು ಬೆಳಕಿಗೆ ಹಿಡಿದು ನೋಡಿಕೊಂಡಳು. "ನಾನು ಆರಾಮಾಗಿದ್ದೀನಿ. ನೀವೇ ಹೇಳಿದ್ರಲ್ಲ."

ಅಷ್ಟರಲ್ಲಿ ಅಕ್ಕ ಚೀಲ ಹೆಗಲಿಗೇರಿಸಿದ್ದಳು. ತಮ್ಮ ಬೂಟು ಹುಡುಕುತ್ತಿದ್ದ. ಭಾವ, ತಾನು ಯಾವ ಪಕ್ಷವೆಂದು ತೀರ್ಮಾನವಾಗದೆ, ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ನಿಂತಿದ್ದರು.

"ಊಟ! ಊಟಕ್ಕೆ ಏಳೋಣ್ವಾ?" ಎಂದು ಸಾಹೇಬರು ಕೈತಟ್ಟಿದರು. ವೇಳಾಪಟ್ಟಿಗಿಂತ ಮುಂಚೆ ಅವರು ಜೀವನದಲ್ಲಿ ಹೊರಡಿಸಿದ ಮೊದಲ ಬಸ್ಸು ಅದು.

"ಈ ಮನೇಲಿ ನನಗೆ ನೀರೂ ಬೇಡ," ಎಂದಳು ಅಕ್ಕ. "ನನ್ನ ಕೇಕೇ ಬೇಡವಾದ ಮನೆ."

"ನಮಗೂ ಬೇಡ ಅಣ್ಣ," ಎಂದ ತಮ್ಮ. "ಹೂಕುಂಡಕ್ಕೆ ನೀರು ಹಾಕೋ ಹೊತ್ತಾಯ್ತು."

ಸಾಹೇಬರು ಅಡುಗೆಮನೆಗೆ ಓಡಿದರು. ಅಲ್ಲಿ ಹಲಗೆಯ ಮೇಲೆ ಅವರ ಸಾಧನೆಯೆಲ್ಲ ಸಾಲಾಗಿ ನಿಂತಿತ್ತು. ಮೊದಲು ಸೂಪು, ಆಮೇಲೆ ಬಟಾಣಿ, ಆಲೂಗಡ್ಡೆ, ಅನ್ನ, ಎಲ್ಲಕ್ಕೂ ಹಿಂದೆ ರಾಜಗಾಂಭೀರ್ಯದಿಂದ ಕೋಳಿ. ಮುಚ್ಚಳಗಳು ಹೊಳೆಯುತ್ತಿದ್ದವು. ಇಷ್ಟು ದಿನ ಬ್ರೆಡ್ಡು ತಿಂದು ಕಾಪಾಡಿದ ಸಂಪತ್ತು. ನಡುಮನೆಯಿಂದ ಬೂಟಿನ ಸದ್ದು ಬಾಗಿಲ ಕಡೆ ಹೋಗುವುದು ಕೇಳಿಸಿತು. ಇವತ್ತು ಹೋದರೆ ಇವರು ಮತ್ತೆ ಬರುವವರಲ್ಲ. ಅಕ್ಕನ ಹಟ ಅವರಿಗೆ ಗೊತ್ತು, ತಮ್ಮನ ಹಟ ಅದರ ತಮ್ಮ.

ಸಾಹೇಬರು ಕಣ್ಣು ಮುಚ್ಚಿದರು. ಸೂಪು ಒಂದು ಚೆಲ್ಲಿದರೆ ಸಾಕು, ಎಂದುಕೊಂಡರು. ಒಂದು ಪಾತ್ರೆಯ ತ್ಯಾಗ. ಹಲಗೆಯ ಕೋಳಿಯಿದ್ದ ತುದಿಯನ್ನು ತುಸುವೇ ಎತ್ತಿದರು.

ಆದರೆ ಸಾಲಿನಲ್ಲಿ ನಿಲ್ಲಿಸಿದ್ದು ಅವರೇ ಅಲ್ಲವೆ. ಸೂಪಿನ ಹಿಂದೆ ಬಟಾಣಿ ಹೊರಟಿತು, ಬಟಾಣಿಯ ಹಿಂದೆ ಆಲೂಗಡ್ಡೆ, ಅದರ ಬೆನ್ನಿಗೆ ಅನ್ನ. ಇಳಿಜಾರಿನಲ್ಲಿ ಒಂದರ ಹಿಂದೊಂದು, ಹೇಳಿದ ಕ್ರಮದಲ್ಲಿ, ಒಂದೂ ತಪ್ಪದೆ, ಅವರ ವೇಳಾಪಟ್ಟಿಯನ್ನು ಇಷ್ಟು ನಿಷ್ಠೆಯಿಂದ ಯಾವ ಬಸ್ಸೂ ಪಾಲಿಸಿರಲಿಲ್ಲ. ಕೊನೆಯಲ್ಲಿ ಕೋಳಿ, ಬದುಕಿದ್ದಾಗ ಹಾರದಿದ್ದದ್ದು, ಗಾಳಿಯಲ್ಲೊಂದು ಸುತ್ತು ಹೊಡೆದು ಪಾತ್ರೆ ತೊಳೆಯುವ ಸಿಂಕಿನೊಳಗೆ ಇಳಿಯಿತು. ಸದ್ದಿಗೆ ಪಕ್ಕದ ಮನೆಯ ನಾಯಿ ಬೊಗಳಿತು.

ಮೊದಲು ಓಡಿಬಂದವಳು ಅಕ್ಕ. ಸೂಪಿನ ಮೇಲೆ ಕಾಲಿಟ್ಟು ಜಾರಿದಳು. ಹಿಂದಿನಿಂದ ಬಂದ ತಮ್ಮ ಅವಳ ತೋಳು ಹಿಡಿದ. ಹಿಡಿದವನು ಬಟಾಣಿಯ ಮೇಲೆ ಜಾರಿದ. ಅವನನ್ನು ಅವನ ಹೆಂಡತಿ ಹಿಡಿದಳು. ಮೂವರೂ ಕೈಕೈ ಹಿಡಿದು, ಎದ್ದು ನಿಲ್ಲಲಾರದೆ, ಕೂರಲೂ ಆಗದೆ, ಅಡುಗೆಮನೆಯ ನಡುವೆ ಒಂದು ವಿಚಿತ್ರ ನೃತ್ಯ ಮಾಡಿದರು. ನಡುವೆ ಮೊಣಕಾಲಿನವರೆಗೆ ಕೆಂಪಾದ ಸಾಹೇಬರು, ಕೈಯಲ್ಲಿ ಖಾಲಿ ಹಲಗೆ ಹಿಡಿದು ನಿಂತಿದ್ದರು.

ಆಮೇಲೆ ತಮ್ಮನ ಹೆಂಡತಿ ಹೇಳಿದಳು, "ಭಾರ ಎತ್ತುವಾಗ ಮೊಣಕಾಲು ಬಗ್ಗಿಸಬೇಕಿತ್ತು."

ಅಕ್ಕ ನಕ್ಕಳು. ನಕ್ಕವಳು ನಿಲ್ಲಿಸಲಿಲ್ಲ. ತಮ್ಮ ತನ್ನ ಕನ್ನಡಕ ತೆಗೆದು ಒರೆಸಿಕೊಂಡ. ಭಾವ ಒಂಟಿ ಚಪ್ಪಲಿಯಲ್ಲಿ ಬಂದು ನೋಡಿ, "ಎಷ್ಟು ದೂರ ಹರಡಿದೆ, ಅಳೀಬಹುದು," ಎಂದರು. ನಿವೃತ್ತ ಮುಖ್ಯೋಪಾಧ್ಯಾಯಿನಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವಂತಿರಲಿಲ್ಲ. ಚೀಲ ಕಿಟಕಿಗೆ ನೇತುಹಾಕಿ ಸೊಂಟಕ್ಕೆ ಟವಲು ಸುತ್ತಿದಳು.

"ಎಲ್ಲ ಅಲ್ಲೇ ನಿಲ್ಲಿ! ಯಾರೂ ಕದಲಬೇಡಿ! ನೀನು ನೆಲ ಒರೆಸೋ ಬಟ್ಟೆ ತಾ. ನೀನು ಹೋಗಿ ಮೊಟ್ಟೆ ತಗೊಂಡು ಬಾ, ಒಡೆದಿರೋದು ತರಬೇಡ. ರೀ, ನೀವು ಆಲೂಗಡ್ಡೆ ಸುಲೀರಿ. ದಪ್ಪ ಸುಲೀಬೇಡಿ, ಸಿಪ್ಪೆ ತಿನ್ನೋಕೆ ಬಂದಿಲ್ಲ ನಾವು. ಮತ್ತೆ ನೀನು," ಎಂದು ತಮ್ಮನಾದ ಸಾಹೇಬರ ಕಡೆ ತಿರುಗಿ, "ನೀನು ಏನೂ ಮುಟ್ಟಬೇಡ."

ಸಿಂಕಿನಿಂದ ಎತ್ತಿದ ಕೋಳಿಯನ್ನು ತೊಳೆದು ಪರೀಕ್ಷಿಸಲಾಯಿತು. ಇಂಥದ್ದನ್ನೆಲ್ಲ ಕಂಡವಳೆಂದು ಔಷಧಿ ಅಂಗಡಿಯಾಕೆಯ ಅಭಿಪ್ರಾಯ ಕೇಳಲಾಯಿತು. ಆಕೆ ಮೂಸಿ, ತಲೆಯಾಡಿಸಿ, ಮತ್ತೊಮ್ಮೆ ಹುರಿಯಬೇಕೆಂದು ತೀರ್ಪು ಕೊಟ್ಟಳು. ತಮ್ಮ ಮೊಟ್ಟೆ ತಂದ; ಎಣ್ಣೆ ಮರೆತನೆಂದು ಮತ್ತೆ ಓಡಿದ; ಎಣ್ಣೆ ತಂದ ಮೇಲೆ ಬೆಣ್ಣೆ ಬೇಕಿತ್ತೆಂದು ಗೊತ್ತಾಯಿತು. ಕುಕ್ಕರು ಕೂಗಿತು. ಅಕ್ಕ ಅದಕ್ಕಿಂತ ಜೋರಾಗಿ ಕೂಗಿದಳು. ಮಗಳು ಬ್ರೆಡ್ಡು ಕತ್ತರಿಸಲು ಒಪ್ಪಲಿಲ್ಲ. ಬ್ರೆಡ್ಡಿನ ಮುಖ ನೋಡಿದರೆ ವಾಕರಿಕೆ ಎಂದಳು. ತಮ್ಮನ ಹೆಂಡತಿ ಸರಿಯಾದ ಭಂಗಿಯಲ್ಲಿ ಕುಕ್ಕರಗಾಲಲ್ಲಿ ಕೂತು ನೆಲ ಒರೆಸಿದಳು. ಒರೆಸುತ್ತ ಒರೆಸುತ್ತ ತೋಳಿನ ಹೊಲಿಗೆ ಪೂರ್ತಿ ಬಿಟ್ಟುಹೋಯಿತು. ಅಕ್ಕ ಸೂಜಿ ದಾರ ಕೇಳಿ ಪಡೆದು, ಒಲೆಯ ಮುಂದೆ ನಿಂತಲ್ಲೇ, ಬೈಯುತ್ತಲೇ, ಅದನ್ನು ಹಾಕಿಕೊಟ್ಟಳು. ಮಿಷಿನ್ನಿನ ವಿಷಯ ಇತ್ಯರ್ಥವಾಗಲಿಲ್ಲ. ಅದು ಅವರವರ ಹೊಟ್ಟೆಯೊಳಗೆ ತಿರುಗಿ ಹೋಗಿ ಕೂತಿತು, ಅಷ್ಟೇ. ಕುಟುಂಬ ಎಂದರೆ ಬಹುಶಃ ಇಷ್ಟೇ. ಯಾರ ಹೊಟ್ಟೆಯಲ್ಲಿ ಏನಿದೆಯೆಂದು ಎಲ್ಲರಿಗೂ ಗೊತ್ತಿದ್ದೂ, ಅದರ ಮೇಲೆ ಆಲೂಗಡ್ಡೆ ಬಡಿಸುವುದು.

ಬೀದಿದೀಪ ಹತ್ತುವ ಹೊತ್ತಿಗೆ ಊಟಕ್ಕೆ ಕೂತರು. ಹುರಿದ ಆಲೂಗಡ್ಡೆ ಒಂದು ಕಡೆ ಸೀದಿತ್ತು, ಮೊಟ್ಟೆಗೆ ಇಬ್ಬರು ಉಪ್ಪು ಹಾಕಿದ್ದರು, ಎರಡು ಸಲ ಹುರಿದ ಕೋಳಿ ಹಲ್ಲಿಗೆ ಸವಾಲು ಹಾಕಿತು. ಒಬ್ಬರೂ ಮಾತಾಡದೆ ಬಾಚಿ ಬಾಚಿ ತಿಂದರು. ಹೊಟ್ಟೆ ತುಂಬಿದ ಮೇಲೆ ಅಕ್ಕ ಕುರ್ಚಿಗೊರಗಿ ತೃಪ್ತಿಯ ನಿಟ್ಟುಸಿರು ಬಿಟ್ಟಳು.

"ಇಂಥಾ ರಜೆ ಊಟ ನಾನು ಯಾವತ್ತೂ ಮಾಡಿಲ್ಲ ಕಣ್ರೇ. ನಕ್ಕು ನಕ್ಕು ಪಕ್ಕೆ ನೋಯ್ತಿದೆ. ಮುಂದಿನ ವರ್ಷವೂ ಅಡುಗೆ ಇವನೇ ಮಾಡ್ಲಿ."

"ಹೌದು, ಅಣ್ಣನೇ!" ಎಂದ ತಮ್ಮ.

"ಸರ್ವಾನುಮತ," ಎಂದರು ಭಾವ.

"ನನ್ನದೇನೂ ಅಭ್ಯಂತರ ಇಲ್ಲಪ್ಪ," ಎಂದಳು ಮನೆಯಾಕೆ, ಬಣ್ಣ ಸ್ವಲ್ಪವೂ ಮುಕ್ಕಾಗದ ಉಗುರುಗಳನ್ನು ನೋಡಿಕೊಳ್ಳುತ್ತ.

ಸಾಹೇಬರಿಗೆ ಸಹಿಸಲಾಗಲಿಲ್ಲ. ತ್ಯಾಗ ಮಾಡಿದ್ದು ತಾನು, ಮುರಿದು ಬೀಳಲಿದ್ದ ಮನೆಯನ್ನು ಕಾಪಾಡಿದ್ದು ತಾನು. ಇವರೆಲ್ಲ ತನ್ನನ್ನು ಒಬ್ಬ ದಡ್ಡನೆಂದು ಕೊಂಡಾಡುತ್ತಿದ್ದಾರೆ. ಹೆಂಡತಿ ಕಾಫಿ ಮಾಡಲು ಅಡುಗೆಮನೆಗೆ ಎದ್ದಾಗ ಹಿಂದೆಯೇ ಹೋದರು.

"ನೋಡೇ, ಯಾರಿಗೂ ಹೇಳಬೇಡ. ಅದು ಕೈತಪ್ಪಿ ಬಿದ್ದಿದ್ದಲ್ಲ. ನಾನು ಬೇಕಂತಲೇ ಹಲಗೆ ಎತ್ತಿದ್ದು."

ಆಕೆ ಅವರನ್ನು ನೋಡಿದಳು. ಅಂಗಡಿಗೆ ಬಂದು, ಕಾಯಿಲೆ ತನಗಲ್ಲ, ಸ್ನೇಹಿತನಿಗೆ ಎಂದು ಹೇಳುವ ಗಿರಾಕಿಗಳನ್ನು ನೋಡುವ ನೋಟ ಅದು.

"ಹೌದ್ರೀ," ಎಂದಳು ಬಹಳ ಮೃದುವಾಗಿ. "ಬೇಕಂತಲೇ ಎತ್ತಿದ್ರಿ. ನಾನೆಲ್ಲಿ ಇಲ್ಲ ಅಂದೆ?"

"ನಿಜ ಕಣೇ! ಜಗಳ ನಿಲ್ಲಿಸೋಕೆ!"

ಆಕೆಗೆ ತಡೆಯಲಾಗಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದು ನಡುಮನೆಗೆ ಓಡಿದಳು. "ಅಕ್ಕಾ, ಕೇಳಿದ್ರಾ? ಬೇಕಂತಲೇ ಬೀಳಿಸಿದ್ರಂತೆ!"

ನಡುಮನೆಯಲ್ಲಿ ಎದ್ದ ನಗುವಿಗೆ ಲೋಟಗಳು ಗಲಗಲಿಸಿದವು. ಸಾಹೇಬರನ್ನು ಎಳೆದು ತಂದು ನಡುವೆ ನಿಲ್ಲಿಸಿದರು. ಇನ್ನೊಂದು ಸಲ ಹೇಳು ಎಂದರು. ಅವರು ಹೇಳಿದರು. ಭಾವ ಕೆಮ್ಮುತ್ತ ಕೆಮ್ಮುತ್ತ ಸೋಫಾದಿಂದ ಜಾರಿದರು. ಸಾಹೇಬರು ದನಿಯೇರಿಸಿ, ಹಲಗೆ ಹಿಡಿದ ರೀತಿಯನ್ನು ಅಭಿನಯಿಸಿ, ಸತ್ಯವನ್ನು ಮತ್ತೊಮ್ಮೆ ಸಾಕ್ಷ್ಯ ಸಮೇತ ಮಂಡಿಸಿದರು. ತಮ್ಮನ ಹೆಂಡತಿ ಹೊಟ್ಟೆ ಹಿಡಿದುಕೊಂಡು, ಜೀವಮಾನದಲ್ಲಿ ಮೊದಲ ಬಾರಿಗೆ ಬೆನ್ನು ಬಾಗಿಸಿ ಕೂತಳು. "ಅಪ್ಪಾ, ಸಾಕು, ಹಠ ಮಾಡಬೇಡಿ," ಎಂದಳು ಮಗಳು, ಕಣ್ಣೊರೆಸಿಕೊಳ್ಳುತ್ತ.

ಕಾಫಿ ಬಂತು. ಎಲ್ಲರಿಗೂ ಒಂದೊಂದು ಲೋಟ ಕೊಟ್ಟು, ಕೊನೆಯ ಲೋಟವನ್ನು ಮನೆಯಾಕೆ ತನ್ನ ಕೈಯಲ್ಲೇ ಹಿಡಿದು ನಿಂತಳು. ಹಬೆ ಏಳುತ್ತಿತ್ತು. ಇಡೀ ವಾರ ಬ್ರೆಡ್ಡು ತಿಂದ ಸಾಹೇಬರು ಅದನ್ನೇ ನೋಡಿದರು.

"ಹೇಳಿ," ಎಂದಳು ಆಕೆ. "ಏನಾಯ್ತು?"

ಸಾಹೇಬರು ಸುತ್ತಲೂ ನೋಡಿದರು. ಅಕ್ಕ, ತಮ್ಮ, ಎಲ್ಲರೂ ಒಂದೇ ಸೋಫಾದಲ್ಲಿ ಒತ್ತೊತ್ತಾಗಿ ಕೂತು, ಬಾಯಿ ತೆರೆದು ಕಾಯುತ್ತಿದ್ದರು.

"ಕೈ ಜಾರಿತು," ಎಂದು ಅವರು ಒಪ್ಪಿಕೊಂಡರು. ಕಾಫಿ ಆಗ ಅವರ ಕೈಗೆ ಬಂತು.